ಮೇಯೊನೈಸ್ ಅಭಿಷೇಕ, ಟಿವಿ ಟೈಮ್‌ಔಟ್ ಮತ್ತು ನಮ್ಮ ‘ಸ್ಟ್ರಾಟೆಜಿಕ್’ ವಿರಾಮ

ಅಮೆರಿಕದ ಕಾಲೇಜ್ ಫುಟ್‌ಬಾಲಿನ ಬೌಲ್‌ಗಳ, ಅಂದರೆ ಋತು ಮುಗಿದ ಮೇಲೆ ನಡೆಯುವ ಒಂಟಿ ಪಂದ್ಯಗಳ, ಹೆಸರು ಕೇಳಿದರೆ ಊರಿನವರಿಗೆ ನಗು ತಡೆಯುವುದಿಲ್ಲ. ಪಾಪ್‌ಟಾರ್ಟ್ಸ್ ಬೌಲ್, ಡ್ಯೂಕ್ಸ್ ಮೇಯೊ ಬೌಲ್, ಫೇಮಸ್ ಐಡಹೊ ಪೊಟೇಟೊ ಬೌಲ್, ಟೋನಿ ದ ಟೈಗರ್ ಸನ್ ಬೌಲ್. ಒಂದು ಟೋಸ್ಟರ್ ತಿಂಡಿ, ಒಂದು ಮೇಯೊನೈಸ್, ಒಂದು ಆಲೂಗಡ್ಡೆ, ಕೊನೆಯದು ಸಕ್ಕರೆ ಬಳಿದ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲಿನ ಹುಲಿ. ‘ಇದೇನ್ರೀ, ಆಟಕ್ಕೆ ಬೇರೆ ಹೆಸರೇ ಸಿಗಲಿಲ್ವಾ’ ಎಂದು ಕೇಳುವವರೇ ಏಪ್ರಿಲ್ ಬಂದರೆ ಒಂದು ವಿಸ್ಕಿಯ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. 2008ರಲ್ಲಿ ಬೆಂಗಳೂರಿನ ಐಪಿಎಲ್ ತಂಡಕ್ಕೆ ರಾಯಲ್ ಚಾಲೆಂಜರ್ಸ್ ಎಂದು ಹೆಸರು ಬಂದದ್ದು ಮಾಲೀಕರ ರಾಯಲ್ ಚಾಲೆಂಜ್ ವಿಸ್ಕಿಯಿಂದ. ಭಾರತದ ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ, ತಂಡದ ಹೆಸರಿಗೆ ಇಲ್ಲ. ‘ಈ ಸಲ ಕಪ್ ನಮ್ದೇ’ ಎಂದು ಹದಿನೇಳು ವರ್ಷ ಹಂಬಲಿಸಿ 2025ರಲ್ಲಿ ಕಪ್ ಗೆದ್ದಾಗ ಆ ಹೆಸರಿನಲ್ಲಿ ಬಾಟಲಿ ಕಂಡವರು ಎಷ್ಟು ಜನ?

ಆಟದ ಮೇಲೆ ಬ್ರ್ಯಾಂಡ್ ಹಚ್ಚುವ ವಿಷಯದಲ್ಲಿ ಅಮೆರಿಕದ ಕಾಲೇಜ್ ಫುಟ್‌ಬಾಲಿನದು ನಾಚಿಕೆಗೆಟ್ಟ ದಾರಿ, ನಮ್ಮದು ಗುಟ್ಟಿನ ದಾರಿ. ಎರಡರಲ್ಲಿ ನಾಚಿಕೆಗೆಟ್ಟದ್ದೇ ನೋಡುಗನಿಗೆ ಮೇಲು ಎಂಬುದು ನನ್ನ ಅನಿಸಿಕೆ. ಆದರೆ ಇಲ್ಲಿ ಅಮೆರಿಕದಲ್ಲಿ ಆಟವನ್ನು ನಿಜವಾಗಿ ಕೆಡಿಸುತ್ತಿರುವುದು ಬೇರೆಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ಇದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಆಗಸ್ಟ್ ಕೊನೆಯಿಂದ ನವೆಂಬರ್ ಮುಗಿಯುವ ತನಕ ಒಂದು ವಿಶ್ವವಿದ್ಯಾಲಯದ ತಂಡ 12 ಪಂದ್ಯ ಆಡುತ್ತದೆ. 6 ಗೆದ್ದರೆ ಬೌಲ್ ಆಡಲು ಅರ್ಹತೆ. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಇಂಥ ಬೌಲ್‌ಗಳು 40ರ ಆಸುಪಾಸು ನಡೆಯುತ್ತವೆ. 2014ರಲ್ಲಿ 4 ತಂಡಗಳೊಂದಿಗೆ ಶುರುವಾದ ಪ್ಲೇಆಫ್ 2024ರಿಂದ 12 ತಂಡಗಳದ್ದಾಗಿದೆ, ಚಾಂಪಿಯನ್ ಯಾರೆಂಬುದು ಅಲ್ಲಿ ತೀರ್ಮಾನ. ಉಳಿದ ಬೌಲ್‌ಗಳಲ್ಲಿ ಗೆದ್ದರೂ ಸೋತರೂ ಚಾಂಪಿಯನ್ ಪಟ್ಟದ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಬೌಲ್ ತುಂಬಲು ಆರು ಗೆದ್ದ ತಂಡಗಳು ಸಾಲದೆ ಹೋದ 2015ರಲ್ಲಿ 5 ಗೆದ್ದು 7 ಸೋತ ನೆಬ್ರಾಸ್ಕ, ಮಿನೆಸೋಟ, ಸ್ಯಾನ್ ಹೋಸೆ ಸ್ಟೇಟ್ ತಂಡಗಳನ್ನೂ ಕರೆದರು. ಕರೆಯಲು ಆಧಾರವಾದದ್ದು ಆಟಗಾರರ ಓದಿನ ಅಂಕ!

‘ಹಿಂದೆ ಎಲ್ಲ ಪವಿತ್ರವಾಗಿತ್ತು, ಈಗ ಕಂಪನಿಗಳು ಬಂದು ಹಾಳುಮಾಡಿದವು’ ಎಂದು ಇಲ್ಲಿನ ಹಳೆಯ ಅಭಿಮಾನಿಗಳು ಗೊಣಗುವುದುಂಟು. ಆ ಮಾತು ನಿಲ್ಲುವುದಿಲ್ಲ. ಎಲ್ಲಕ್ಕೂ ಹಿರಿಯದಾದ ರೋಸ್ ಬೌಲ್ ಹುಟ್ಟಿದ್ದೇ ಜಾಹೀರಾತಾಗಿ. ಕ್ಯಾಲಿಫೋರ್ನಿಯದ ಪ್ಯಾಸಡೀನ ಊರಿನ ಕ್ಲಬ್ಬೊಂದು 1890ರ ಜನವರಿ 1ರಂದು ಹೂವಿನ ಮೆರವಣಿಗೆ ಶುರುಮಾಡಿದ್ದು ‘ಹಿಮದಲ್ಲಿ ನಡುಗುತ್ತಿರುವವರೇ, ನಮ್ಮಲ್ಲಿ ಈಗಲೂ ಗುಲಾಬಿ ಅರಳಿದೆ ನೋಡಿ’ ಎಂದು ಪೂರ್ವದ ಜನರಿಗೆ ತೋರಿಸಲು. ಜನ ಸೇರಲಿ ಎಂದು 1902ರಲ್ಲಿ ಅದಕ್ಕೊಂದು ಫುಟ್‌ಬಾಲ್ ಪಂದ್ಯ ಜೋಡಿಸಿದರು. ಮಿಷಿಗನ್ 49, ಸ್ಟ್ಯಾನ್‌ಫರ್ಡ್ 0. ಸ್ಟ್ಯಾನ್‌ಫರ್ಡ್ ಆಟ ಮುಗಿಯುವ ಮೊದಲೇ ಕೈಚೆಲ್ಲಿತು. ನೋಡುವವರಿಗೆ ಇದರಲ್ಲಿ ಏನೂ ಮಜವಿಲ್ಲವೆಂದು ಮುಂದಿನ ವರ್ಷಗಳಲ್ಲಿ ಫುಟ್‌ಬಾಲ್ ಬಿಟ್ಟು ರೋಮನ್ ಮಾದರಿಯ ರಥದ ಓಟ ಇಟ್ಟರು. ಫುಟ್‌ಬಾಲ್ ಮರಳಿದ್ದು 1916ಕ್ಕೆ. ಪಾಪ್‌ಟಾರ್ಟ್ ವೇಷದವನು ಮೈದಾನದಲ್ಲಿ ಕುಣಿದರೆ ಪರಂಪರೆ ಕೆಟ್ಟಿತು ಎನ್ನುವವರು ಆ ಕುದುರೆಗಳನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾರೋ.

ಪಂದ್ಯದ ಹೆಸರಿನ ಮುಂದೆಯೇ ಕಂಪನಿಯ ಹೆಸರು ಕೂತದ್ದು ಮಾತ್ರ ಹೊಸದು. 1986ರ ಜನವರಿಯ ಸನ್‌ಕಿಸ್ಟ್ ಫಿಯೆಸ್ಟ ಬೌಲ್ ಆ ದಾರಿ ತೆಗೆಯಿತು. ಮರುವರ್ಷ ಅದೇ ಬೌಲ್, ದೇಶದ ಮೊದಲೆರಡು ತಂಡಗಳಾದ ಪೆನ್ ಸ್ಟೇಟ್ ಮತ್ತು ಮಯಾಮಿಯನ್ನು ಕರೆಸಿ, ಪಂದ್ಯವನ್ನು ಜನವರಿ 1ರ ನೂಕುನುಗ್ಗಲಿನಿಂದ ತಪ್ಪಿಸಿ 2ರ ಶುಕ್ರವಾರ ರಾತ್ರಿಗೆ ಇಟ್ಟುಕೊಂಡಿತು. ಟಿವಿ ರೇಟಿಂಗ್ 25.1 ಬಂತು, ಅಂದರೆ ಟಿವಿ ಇರುವ ನೂರು ಮನೆಗಳಲ್ಲಿ ಇಪ್ಪತ್ತೈದು ಮನೆ ಅದನ್ನು ನೋಡಿದವು. ಹಳೆಯ ಬೌಲ್‌ಗಳ ಮುಂದೆ ಕೂಸಾಗಿದ್ದ ಅರಿಜೋನದ ಪಂದ್ಯವೊಂದು, ಪ್ರಾಯೋಜಕರ ಹಣ ಮತ್ತು ಟಿವಿ ಸಮಯ ಎರಡನ್ನೂ ಜೋಡಿಸಿಕೊಂಡು ಹಿರಿಯರ ಸಾಲಿಗೆ ಬಂದು ಕೂತಿತು. ಅದನ್ನು ನೋಡಿ ಉಳಿದವರೂ ಅಂಗಡಿ ತೆರೆದರು.

ಇದರಲ್ಲಿ ಎರಡು ದರ್ಜೆ ಇದೆ. ಹೆಸರಿನ ಮುಂದೆ ಕೂರುವವನು ಟೈಟಲ್ ಪ್ರಾಯೋಜಕ. ಹೆಸರಿನ ಹಿಂದೆ ‘ಪ್ರೆಸೆಂಟೆಡ್ ಬೈ’ ಎಂದು ಬರುವವನು ಇನ್ನೊಬ್ಬ. ರೋಸ್ ಬೌಲ್ ಇವತ್ತಿಗೂ ಮೊದಲನೆಯವನನ್ನು ಒಳಗೆ ಬಿಟ್ಟಿಲ್ಲ, ಎಷ್ಟೇ ದೊಡ್ಡ ಬ್ಯಾಂಕಾದರೂ ಹಿಂದೆಯೇ ನಿಲ್ಲಬೇಕು. ಅಟ್ಲಾಂಟದ ಪೀಚ್ ಬೌಲ್ ಅಷ್ಟು ಗಟ್ಟಿಯಾಗಿರಲಿಲ್ಲ. 2006ರಿಂದ ಪೀಚ್ ಪದವನ್ನೇ ಕಿತ್ತುಹಾಕಿ ಕೋಳಿ ತಿಂಡಿ ಮಾರುವ ಹೋಟೆಲಿನ ಹೆಸರಿನ ಬರೀ ಚಿಕ್‌ಫಿಲೆ ಬೌಲ್ ಆಯಿತು. 2014ರಲ್ಲಿ ಪ್ಲೇಆಫ್ ಪಂಕ್ತಿಗೆ ಸೇರುವಾಗ ಪೀಚ್ ವಾಪಸು ಬಂತು.

ಹೆಸರು ಎಷ್ಟು ಅಗ್ಗ ಎನ್ನುವುದಕ್ಕೆ ಬಹಾಮಾಸ್ ಬೌಲ್ ನೋಡಿ. 2018ರಲ್ಲಿ ಅದರ ಟೈಟಲ್ ಕೊಂಡದ್ದು ಕಂಪನಿಯಲ್ಲ, ಶಿಕಾಗೊ ವಿಮಾನ ನಿಲ್ದಾಣದ ಪಕ್ಕದ ಎಲ್ಕ್ ಗ್ರೋವ್ ವಿಲೇಜ್ ಎಂಬ ಸಣ್ಣ ಊರಿನ ಆಡಳಿತ. ತನ್ನ ಕೈಗಾರಿಕಾ ಪ್ರದೇಶಕ್ಕೆ ಉದ್ಯಮಗಳು ಬರಲಿ ಎಂದು ‘ಮೇಕರ್ಸ್ ವಾಂಟೆಡ್’ ಎಂಬ ತನ್ನ ಘೋಷವಾಕ್ಯವನ್ನೇ ಬೌಲ್‌ಗೆ ಅಂಟಿಸಿತು. ಕೊಟ್ಟದ್ದು 3 ಲಕ್ಷ ಡಾಲರ್. ಪೀಣ್ಯ ಕೈಗಾರಿಕಾ ಪ್ರದೇಶದವರು ಮಾಲ್ಡೀವ್ಸ್‌ನಲ್ಲಿ ಕಬಡ್ಡಿ ಪಂದ್ಯಾವಳಿಗೆ ತಮ್ಮ ಹೆಸರಿಟ್ಟರೆ ಹೇಗಿರುತ್ತದೋ ಹಾಗೆ. ಆ ಊರಿನ ಹೆಸರು ಅದಕ್ಕೆ ಮೊದಲು ಕೇಳದವರೂ ಇವತ್ತಿಗೂ ಅದನ್ನು ಮರೆತಿಲ್ಲ, ಅಂದಮೇಲೆ ದುಡ್ಡು ದಂಡವಾಗಲಿಲ್ಲ.

ಇನ್ನು ಒರ್ಲಾಂಡೊದ ಬೌಲ್ ಒಂದರ ಜಾತಕ ಬಿಡಿಸಿದರೆ ಅಮೆರಿಕದ ಪೇಟೆಯ ಮೂವತ್ತೈದು ವರ್ಷದ ಕಥೆ ಸಿಗುತ್ತದೆ. 1990ರಲ್ಲಿ ಮಯಾಮಿಯಲ್ಲಿ ಹುಟ್ಟಿದಾಗ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವವರ ಹೆಸರಿನ ಬ್ಲಾಕ್‌ಬಸ್ಟರ್ ಬೌಲ್. ಆಮೇಲೆ ಕಾರಿನ ಬಿಡಿಭಾಗದ ಕಾರ್‌ಕ್ವೆಸ್ಟ್, ಆಮೇಲೆ ಕಂಪ್ಯೂಟರಿನ ಮೈಕ್ರಾನ್‌ಪಿಸಿ. 2001ರಲ್ಲಿ ಒರ್ಲಾಂಡೊಗೆ ಬಂದು ಟ್ಯಾಂಜರೀನ್ ಆಯಿತು, ಮಜ್ದಾ ಕಾರು ಅದರ ಮುಂದೆ ಕೂತಿತು. 2004ರಿಂದ ಶೂ ಮಾರುವ ಚಾಂಪ್ಸ್ ಸ್ಪೋರ್ಟ್ಸ್, 2012ರಿಂದ ಜೆರ್ಸಿಯ ರಸೆಲ್ ಅಥ್ಲೆಟಿಕ್, 2017ರಿಂದ ಕ್ಯಾಂಪಿಂಗ್ ವರ್ಲ್ಡ್, 2020ರಿಂದ ಚೀಜ್‌ಇಟ್ ಬಿಸ್ಕತ್ತು, 2023ರಿಂದ ಪಾಪ್‌ಟಾರ್ಟ್ಸ್. ಹೀಗಾಗಿ ಹಳೆಯ ಪಂದ್ಯವೊಂದನ್ನು ಹುಡುಕುವವನಿಗೆ ತಲೆನೋವು ತಪ್ಪಿದ್ದಲ್ಲ. ‘ನಮ್ಮವರು ಚೀಜ್‌ಇಟ್ ಬೌಲ್ ಗೆದ್ದಿದ್ದರು’ ಎಂದರೆ ಯಾವ ವರ್ಷ ಎಂದು ಕೇಳಲೇಬೇಕು, ಏಕೆಂದರೆ ಚೀಜ್‌ಇಟ್ ಈಗ ಸಿಟ್ರಸ್ ಬೌಲ್‌ನ ಮುಂದೆ ಇದೆ, ಅದಕ್ಕೂ ಮೊದಲು ಫೀನಿಕ್ಸ್‌ನ ಇನ್ನೊಂದು ಬೌಲ್‌ನ ಮುಂದೆ ಇತ್ತು.

ಈ ಜಾತಕದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಕೊನೆಯದು. 2023ರ ಡಿಸೆಂಬರ್ 28ರಂದು ಕ್ಯಾನ್ಸಸ್ ಸ್ಟೇಟ್ ತಂಡ ಎನ್‌ಸಿ ಸ್ಟೇಟನ್ನು 28-19ರಿಂದ ಸೋಲಿಸಿತು. ಪಂದ್ಯದುದ್ದಕ್ಕೂ ಸ್ಟ್ರಾಬೆರಿ ಪಾಪ್‌ಟಾರ್ಟ್ ವೇಷ ತೊಟ್ಟವನು ಅಂಚಿನಲ್ಲಿ ಕುಣಿಯುತ್ತಿದ್ದ. ಮುಗಿದ ಮೇಲೆ ಆಳೆತ್ತರ ಮೀರಿದ ಟೋಸ್ಟರ್ ಒಂದರ ತಲೆಯ ಮೇಲೆ ನಿಂತು, ಕನಸು ನನಸಾಯಿತು ಎಂಬ ಫಲಕ ಎತ್ತಿ ಹಿಡಿದು, ನಿಧಾನವಾಗಿ ಒಳಗೆ ಇಳಿದು ಮಾಯವಾದ. ಕೆಳಗಿನ ಸೀಳಿನಿಂದ ಅದೇ ಮುಖದ, ನಿಜವಾಗಿ ಬೇಯಿಸಿದ, ಹಾಸಿನಷ್ಟಗಲದ ತಿಂಡಿ ಹೊರಬಂತು. ಗೆದ್ದ ಆಟಗಾರರು ಕೈಯಲ್ಲೇ ಮುರಿದು ತಿಂದರು. ಮರುವರ್ಷ ಮೂರು ವೇಷ ತಂದು, ಯಾರನ್ನು ತಿನ್ನಬೇಕೆಂಬ ಆಯ್ಕೆಯನ್ನು ಪಂದ್ಯದ ಶ್ರೇಷ್ಠ ಆಟಗಾರನಿಗೆ ಬಿಟ್ಟರು. ಟ್ರೋಫಿಯ ಒಳಗೇ ಕೆಲಸ ಮಾಡುವ ಟೋಸ್ಟರ್ ಕೂರಿಸಿದರು. ಆ ಪಂದ್ಯವೂ ಚೆನ್ನಾಗಿತ್ತು ಅನ್ನಿ, ಅಯೋವ ಸ್ಟೇಟ್ 42, ಮಯಾಮಿ 41.

ಶಾರ್ಲಟ್‌ನ ಮೇಯೊ ಬೌಲ್‌ನದು ಇನ್ನೊಂದು ಬಗೆ. ಗೆದ್ದ ತರಬೇತುದಾರನ ತಲೆಗೆ ಐಸು ಮತ್ತು ಗೇಟರೇಡ್ ಎಂಬ ಆಟಗಾರರ ಪಾನೀಯ ಸುರಿಯುವ ಪದ್ಧತಿ 1980ರ ದಶಕದ್ದು. ಅದನ್ನೇ ಹಿಡಿದು ಡ್ಯೂಕ್ಸ್‌ನವರು 2021ರಿಂದ ಮೇಯೊನೈಸ್ ಸುರಿಸತೊಡಗಿದರು. ಬರೆದಷ್ಟು ಸುಲಭದ ಕೆಲಸವಲ್ಲ ಅದು. ಕೂಲರಿನಲ್ಲಿ ಹೆಚ್ಚುಕಡಿಮೆ 5 ಗ್ಯಾಲನ್, ಅಂದರೆ 19 ಲೀಟರ್‌ನಷ್ಟು ಮೇಯೊ. ತೂಕ 17 ಕೆ.ಜಿ. ಮೇಲೆ. ಗೇಟರೇಡ್ ನೀರಿನ ಹಾಗೆ ಒಂದೇ ಸಲಕ್ಕೆ ಹಾರುತ್ತದೆ, ಹಿಂದಿನಿಂದ ಓಡಿಬಂದು ಸುರಿದು ಹೋಗಬಹುದು. ಮೇಯೊನೈಸ್ ಪಾತ್ರೆ ಬಗ್ಗಿಸಿದರೂ ಕಚ್ಚಿಕೊಂಡು ಕೂತಿರುತ್ತದೆ, ಆಮೇಲೆ ಮುದ್ದೆಮುದ್ದೆಯಾಗಿ ಬೀಳುತ್ತದೆ. ಅದಕ್ಕೇ ತರಬೇತುದಾರನನ್ನು ಕುರ್ಚಿಯಲ್ಲಿ ಕೂರಿಸಬೇಕು, ಇಬ್ಬರು ಕೂಲರನ್ನು ತಲೆಯ ಮೇಲೇ ಹಿಡಿದು ತಿರುಗಿಸಬೇಕು. ಮೊದಲ ಅಭಿಷೇಕ ಸೌತ್ ಕ್ಯಾರೊಲೈನದ ಶೇನ್ ಬೀಮರ್ ಅವರಿಗೆ ಆಯಿತು. ಮೇಯೊ ಜೊತೆಗೆ ಕೂಲರಿನ ಅಂಚೂ ತಲೆಗೆ ಬಡಿಯಿತು. ಅದಕ್ಕೂ ಹಿಂದಿನ ವರ್ಷ, 2020ರಲ್ಲಿ, ಗೆದ್ದ ವಿಸ್ಕಾನ್ಸಿನ್‌ನವರು ಡ್ರೆಸಿಂಗ್ ರೂಮಿನಲ್ಲಿ ಕುಣಿಯುತ್ತಾ ಟ್ರೋಫಿಯ ಗಾಜಿನ ಚೆಂಡನ್ನು ಕೆಳಗೆ ಬೀಳಿಸಿ ಚೂರು ಮಾಡಿದ್ದರು. ಯಾವ ಜಾಹೀರಾತು ಏಜೆನ್ಸಿಯೂ ಬರೆಯದ ಪ್ರಚಾರ ಅದು, ಪುಕ್ಕಟೆ ಸಿಕ್ಕಿತು.

ಇವು ಏಕೆ ಗೆದ್ದವು? ವಸ್ತು ತಿನ್ನುವಂಥದ್ದು, ಕಣ್ಣಿಗೆ ಕಾಣುವಂಥದ್ದು. ಕಂಪನಿ ತನ್ನನ್ನೇ ಗೇಲಿ ಮಾಡಿಕೊಳ್ಳಲು ಹಿಂಜರಿಯಲಿಲ್ಲ. ಎಲ್ಲಕ್ಕಿಂತ ಮುಖ್ಯ, ತಮಾಷೆ ಕೊನೆಯ ಸೀಟಿ ಊದಿದ ಮೇಲೆ ನಡೆಯುತ್ತದೆ, ಆಟದ ಒಂದು ಸೆಕೆಂಡನ್ನೂ ಕಸಿಯುವುದಿಲ್ಲ. ಪೊಟೇಟೊ ಬೌಲ್ ನಡೆಯುವ ಬಾಯ್ಸಿಯ ನೀಲಿ ಹುಲ್ಲಿನ ಮೈದಾನದಲ್ಲಿ ತರಬೇತುದಾರನ ಮೇಲೆ ಫ್ರೆಂಚ್ ಫ್ರೈಸ್ ಸುರಿಯುವುದೂ ಇದೇ ಜಾತಿ. ಟ್ಯಾಂಪದಲ್ಲಿದ್ದ ಔಟ್‌ಬ್ಯಾಕ್ ಬೌಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ತಂಡ ಗೆದ್ದರೆ ಮರುದಿನ ತಮ್ಮ ಹೋಟೆಲಿನಲ್ಲಿ ಎಲ್ಲರಿಗೂ ಹೂವಿನಂತೆ ಬಿಡಿಸಿ ಕರಿದ ಈರುಳ್ಳಿ ಪುಕ್ಕಟೆ, ಇನ್ನೊಂದು ಗೆದ್ದರೆ ತೆಂಗಿನಕಾಯಿ ಹಚ್ಚಿದ ಸಿಗಡಿ ಎಂದಿದ್ದರು. ಎರಡೂ ತಂಡದ ಗಂಧಗಾಳಿ ಇಲ್ಲದವನಿಗೂ ಒಂದು ಪಕ್ಷ ಸಿಕ್ಕಿಬಿಡುತ್ತಿತ್ತು. ತೆರಿಗೆ ಸಾಫ್ಟ್‌ವೇರ್, ಸಾಲ ಕೊಡುವ ಸೊಸೈಟಿ, ಸೈಬರ್ ಭದ್ರತೆ ಇವರೆಲ್ಲ ಇದನ್ನು ನಕಲು ಮಾಡಲಾರರು. ಗೆದ್ದವನ ತಲೆಗೆ ಅವರು ಏನು ಸುರಿದಾರು? 2014ರಲ್ಲಿ ಬಿಟ್‌ಕಾಯಿನ್ ಸೇಂಟ್ ಪೀಟರ್ಸ್‌ಬರ್ಗ್ ಬೌಲ್ ಬಂದು ಒಂದೇ ವರ್ಷಕ್ಕೆ ಹೋಯಿತು.

ಈಗ ನಮ್ಮ ಕಡೆ ನೋಡಿ. ಐಪಿಎಲ್‌ನ ಮೊದಲ ಐದು ವರ್ಷ ಸಿಕ್ಸರ್ ಹೊಡೆದರೆ ಅದು ಸಿಕ್ಸರ್ ಆಗಿರಲಿಲ್ಲ, ‘ಡಿಎಲ್‌ಎಫ್ ಮ್ಯಾಕ್ಸಿಮಮ್’. ವಿಕೆಟ್ ಬಿದ್ದರೆ ‘ಸಿಟಿ ಮೊಮೆಂಟ್ ಆಫ್ ಸಕ್ಸೆಸ್’, ಕ್ಯಾಚ್ ಹಿಡಿದರೆ ‘ಕಾರ್ಬನ್ ಕಮಾಲ್ ಕ್ಯಾಚ್’. ಟೈರ್ ಕಂಪನಿಯ ಬಲೂನ್ ಒಂದು ಆಕಾಶದಲ್ಲಿ ತೇಲುತ್ತಿದ್ದರೆ ಕಾಮೆಂಟರಿಯವರು ಆಟ ಬಿಟ್ಟು ಅದನ್ನು ಬಣ್ಣಿಸಬೇಕಿತ್ತು. ಅಮೆರಿಕದಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು) ಇನ್ನೂ ಟಚ್‌ಡೌನ್ ಆಗಿಯೇ ಉಳಿದಿದೆ. ಪಂದ್ಯದ ಹೆಸರು ಮಾರಿಕೊಂಡಿದ್ದಾರೆ, ಆಟದ ಮಾತು ಮಾರಿಕೊಂಡಿಲ್ಲ. ನಾವು ಮಾರಿದ್ದು ಆಟದ ಮಾತನ್ನೇ.

ಎಲ್ಲಕ್ಕಿಂತ ಜಾಣತನದ್ದು ಸ್ಟ್ರಾಟೆಜಿಕ್ ಟೈಮ್‌ಔಟ್. 2009ರಲ್ಲಿ ಪ್ರತಿ ಇನಿಂಗ್ಸಿನ ಮಧ್ಯದಲ್ಲಿ ಏಳೂವರೆ ನಿಮಿಷ ಇಟ್ಟರು, ಜನ ಬೈದರು. ಈಗ ಎರಡೂವರೆ ನಿಮಿಷದ್ದು ಇನಿಂಗ್ಸಿಗೆ ಎರಡು: ಫೀಲ್ಡಿಂಗ್ ತಂಡ 6ರಿಂದ 9ನೇ ಓವರಿನೊಳಗೆ, ಬ್ಯಾಟಿಂಗ್ ತಂಡ 13ರಿಂದ 16ನೇ ಓವರಿನೊಳಗೆ ತೆಗೆದುಕೊಳ್ಳಲೇಬೇಕು. ತಂಡಕ್ಕೆ ಬೇಡವೆಂದರೂ ಬಿಡುವ ಹಾಗಿಲ್ಲ. ಬೇಡವೆಂದರೂ ತೆಗೆದುಕೊಳ್ಳಬೇಕಾದ ತಂತ್ರಗಾರಿಕೆ ಯಾವುದು? ಜಾಹೀರಾತಿಗೆ ಬಿಡುವು ಎಂದು ನೇರವಾಗಿ ಹೇಳಿಬಿಟ್ಟರೆ ಏನು ನಷ್ಟವಿತ್ತು? ಅಮೆರಿಕದವರು ಹಾಗೇ ಹೇಳುತ್ತಾರೆ: ‘ಟಿವಿ ಟೈಮ್‌ಔಟ್’. ತಂಡಗಳಿಗೆ ಅರ್ಧಕ್ಕೆ ಮೂರರಂತೆ ನಿಜವಾದ ಟೈಮ್‌ಔಟ್ ಬೇರೆ ಇದೆ, ಅವನ್ನು ಯಾವಾಗ ಖರ್ಚು ಮಾಡಬೇಕೆಂಬುದೇ ಪಂದ್ಯದ ಕೊನೆಯ ಎರಡು ನಿಮಿಷದ ಜೀವ.

ಆದರೆ ನೇರವಾಗಿ ಹೇಳಿದ ಮಾತ್ರಕ್ಕೆ ಸಹಿಸಬಹುದು ಎಂದಲ್ಲ. ಹೆಸರಿಗೆ ನಗುವ ನಾವು ನಿಜವಾಗಿ ಅಳಬೇಕಾದದ್ದು ಇಲ್ಲಿ. ಕ್ರೀಡಾಂಗಣದಲ್ಲಿ ಕೂತರೆ ಅಂಚಿನಲ್ಲಿ ಕೆಂಪು ಟೋಪಿಯವನೊಬ್ಬ ಕಾಣುತ್ತಾನೆ. ಅವನು ಟಿವಿಯವರ ಆಳು. ಅವನು ಮೈದಾನದೊಳಕ್ಕೆ ಕಾಲಿಟ್ಟು ನಿಂತರೆ ಜಾಹೀರಾತು ಓಡುತ್ತಿದೆ ಎಂದರ್ಥ. ಅವನು ಹೊರಗೆ ಸರಿಯುವ ತನಕ ರೆಫ್ರಿ ಸೀಟಿ ಊದುವುದಿಲ್ಲ. ಇಪ್ಪತ್ತೆರಡು ಆಟಗಾರರು ಚಳಿಯಲ್ಲಿ ಸುಮ್ಮನೆ ನಿಂತಿರುತ್ತಾರೆ. ಅಭಿಮಾನಿಗಳಿಗೆ ಬೇಸರ ತರಿಸುವುದು ಒಂದು ಗೊತ್ತಾದ ಸರಣಿ: ಟಚ್‌ಡೌನ್, ಜಾಹೀರಾತು, ಕಿಕ್‌ಆಫ್, ಮತ್ತೆ ಜಾಹೀರಾತು. ಕಿಕ್‌ಆಫ್ ಎಂಬುದು ಒಂದೇ ಒದೆತ, ಹತ್ತು ಸೆಕೆಂಡು ಕೂಡ ಇರುವುದಿಲ್ಲ. 60 ನಿಮಿಷದ ಗಡಿಯಾರದ ಆಟ ಹೀಗೆ ಮೂರೂವರೆ ಗಂಟೆ ಎಳೆಯುತ್ತದೆ.

ಆಟ ಚುಟುಕಾಗಲಿ ಎಂದು 2023ರಲ್ಲಿ ನಿಯಮ ತಿದ್ದಿದರು. ಮೊದಲೆಲ್ಲ ತಂಡ ಚೆಂಡನ್ನು ಹತ್ತು ಗಜ ಮುಂದೊಯ್ದು ಫಸ್ಟ್ ಡೌನ್ ಸಿಕ್ಕಾಗ ಗಡಿಯಾರ ಒಂದು ಕ್ಷಣ ನಿಲ್ಲುತ್ತಿತ್ತು. ಈಗ ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟು ನಿಲ್ಲುವುದಿಲ್ಲ. ಇದರಿಂದ ಕಡಿಮೆಯಾದದ್ದು ಆಟ, ಜಾಹೀರಾತಿನ ಬಿಡುವುಗಳು ಇದ್ದಲ್ಲೇ ಇವೆ. ಮರುವರ್ಷ ಪ್ರತಿ ಅರ್ಧ ಮುಗಿಯಲು ಎರಡು ನಿಮಿಷ ಇರುವಾಗ ಇನ್ನೊಂದು ಕಡ್ಡಾಯ ವಿರಾಮವನ್ನೂ ತಂದರು. ಅರ್ಧವಿರಾಮದ 20 ನಿಮಿಷದಲ್ಲಿ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡ್ ಮೈದಾನದಲ್ಲಿ ನುಡಿಸುತ್ತದೆ, ಇನ್ನೂರು-ಮುನ್ನೂರು ಮಕ್ಕಳು ವಾರಗಟ್ಟಲೆ ತಾಲೀಮು ಮಾಡಿದ್ದು. ಟಿವಿ ಆಗ ಸ್ಟುಡಿಯೊಗೆ ಓಡಿ ಮೇಜಿನ ಹಿಂದೆ ಕೂತ ನಾಲ್ವರ ಹರಟೆ ತೋರಿಸುತ್ತದೆ. ಜಂಬೂ ಸವಾರಿಯ ನೇರಪ್ರಸಾರದಲ್ಲಿ ಆನೆ ಬಿಟ್ಟು ನಿರೂಪಕರನ್ನು ತೋರಿಸಿದರೆ ಮೈಸೂರಿನವರು ಸುಮ್ಮನಿರುತ್ತಾರೆಯೇ? ಇಲ್ಲಿ ಕೇಳುವವರಿಲ್ಲ.

ಕೇಳುವವರಿಲ್ಲದಿರುವುದಕ್ಕೆ ಕಾರಣವಿದೆ. 1984ರ ತನಕ ಕಾಲೇಜ್ ಫುಟ್‌ಬಾಲಿನ ಪ್ರಸಾರ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಒಂದೇ ಸಂಸ್ಥೆಯ ಮುಷ್ಟಿಯಲ್ಲಿತ್ತು, ಟಿವಿಯಲ್ಲಿ ವಾರಕ್ಕೆ ಕೆಲವೇ ಪಂದ್ಯ. ಒಕ್ಲಹೋಮ ವಿಶ್ವವಿದ್ಯಾಲಯದವರ ದಾವೆಯಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಆ ಏಕಸ್ವಾಮ್ಯ ಮುರಿಯಿತು. ಈಗ ಶನಿವಾರ ಬೆಳಗಿನಿಂದ ನಡುರಾತ್ರಿವರೆಗೆ ಆಟ ಸಿಗುತ್ತದೆ, ಒಳ್ಳೆಯದೇ. ಆದರೆ ಬೌಲ್‌ಗಳ ಮಟ್ಟಿಗೆ ಏಕಸ್ವಾಮ್ಯ ಹಿಂಬಾಗಿಲಿನಿಂದ ವಾಪಸು ಬಂದಿದೆ. ಬಹುಪಾಲು ಬೌಲ್‌ಗಳ ಪ್ರಸಾರ ಇಎಸ್‌ಪಿಎನ್‌ನದು. ಅದರದೇ ಅಂಗಸಂಸ್ಥೆ ಹದಿನೈದಕ್ಕೂ ಹೆಚ್ಚು ಬೌಲ್‌ಗಳನ್ನು ಸ್ವತಃ ಕಟ್ಟಿಕೊಂಡು ನಡೆಸುತ್ತದೆ. ಪಂದ್ಯದ ಮಾಲೀಕ, ದಿನ-ವೇಳೆ ಇಡುವವನು, ಪ್ರಸಾರ ಮಾಡುವವನು, ‘ಈ ಬೌಲ್ ಯಾಕೆ ನೋಡಬೇಕು’ ಎಂದು ಚರ್ಚೆ ನಡೆಸುವವನು ಎಲ್ಲ ಒಬ್ಬನೇ. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಖಾಲಿ ಕುರ್ಚಿಗಳ ಮುಂದೆ ಪಂದ್ಯ ಏಕೆ ಎಂದರೆ ಉತ್ತರ ಸರಳ. ರಜೆಯ ವಾರದಲ್ಲಿ ಅದನ್ನೂ ಹತ್ತಾರು ಲಕ್ಷ ಜನ ಮನೆಯಲ್ಲಿ ಕೂತು ನೋಡುತ್ತಾರೆ, ಕ್ರೀಡಾಂಗಣದ ಟಿಕೆಟ್ ಯಾರಿಗೆ ಬೇಕು?

ಟಿಕೆಟಿನ ಹೊರೆ ಬೀಳುವುದು ವಿಶ್ವವಿದ್ಯಾಲಯಗಳ ಮೇಲೆ. ದೊಡ್ಡ ಬೌಲ್‌ಗೆ ಹೋದರೆ ಇಷ್ಟು ಸಾವಿರ ಟಿಕೆಟ್ ಕೊಳ್ಳಲೇಬೇಕೆಂಬ ಕರಾರು. 2011ರ ಫಿಯೆಸ್ಟ ಬೌಲ್‌ಗೆ ಹೋದ ಕನೆಟಿಕಟ್ ವಿಶ್ವವಿದ್ಯಾಲಯ 17,500 ಟಿಕೆಟ್ ತಲೆಗೆ ಕಟ್ಟಿಸಿಕೊಂಡು, ಬಹುಪಾಲು ಮಾರಲಾಗದೆ, 16 ಲಕ್ಷ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ದೊಡ್ಡ ಗೌರವಕ್ಕೆ ಕೈಯಿಂದ ದುಡ್ಡು ಹಾಕಿ ಬಂದಂತಾಯಿತು.

ನೋಡುವ ಆಸೆಯಿರುವವರಿಗೆ ಕೆಲವು ಉಪಾಯ. ಪಂದ್ಯದ ಹಿಂದಿನ ದಿನ ಯಾರು ಆಡುವುದಿಲ್ಲ ಎಂಬ ಪಟ್ಟಿ ನೋಡಿ. ವೃತ್ತಿಪರ ಲೀಗ್‌ಗೆ ಹೋಗುವವರು ಗಾಯದ ಭಯಕ್ಕೆ ಬೌಲ್ ಬಿಡುತ್ತಾರೆ. 2016ರ ಫಿಯೆಸ್ಟ ಬೌಲ್‌ನಲ್ಲಿ ನೋಟರ್ ಡೇಮ್‌ನ ಜೇಲನ್ ಸ್ಮಿತ್ ಮೊಣಕಾಲು ಹರಿದುಕೊಂಡ ಮೇಲೆ ಆ ಭಯ ಬೇರು ಬಿಟ್ಟಿತು. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡದ ಪಂದ್ಯ ಬಿಟ್ಟುಬಿಡಿ: ಅರ್ಧ ತಂಡ ಕಳೆದುಕೊಂಡು ಬಂದ ಫ್ಲಾರಿಡ ಸ್ಟೇಟ್ 2023ರ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಕ್ಕೆ 63-3ರಿಂದ ಸೋತಿತು. ಸಣ್ಣ ಲೀಗ್‌ಗಳ ತಂಡಗಳಿಗೆ ಬೌಲ್ ಇನ್ನೂ ದೊಡ್ಡ ಮಾತು, ಅವು ಪ್ರಾಣ ಕೊಟ್ಟು ಆಡುತ್ತವೆ. ರೆಕಾರ್ಡಿಂಗ್ ಹಾಕಿ ಒಂದೂಕಾಲು ಗಂಟೆ ತಡವಾಗಿ ನೋಡಲು ಕೂತರೆ, ಜಾಹೀರಾತು ಹಾರಿಸುತ್ತಾ ಹೋಗಿ ನಾಲ್ಕನೇ ಕ್ವಾರ್ಟರಿಗೆ ನೇರಪ್ರಸಾರ ಹಿಡಿಯಬಹುದು. ಆ್ಯಪ್‌ಗಳಲ್ಲಿ ಕೆಲವೊಮ್ಮೆ ಜಾಹೀರಾತು ಹಾರಿಸಲು ಬಿಡುವುದಿಲ್ಲ, ಮೊದಲೇ ಪರೀಕ್ಷಿಸಿ. ಊರಿನಿಂದ ನೋಡುವವರಿಗೆ, ಇಲ್ಲಿಯ ಪೂರ್ವ ಕರಾವಳಿಯ ಸಂಜೆ ಐದು ಗಂಟೆ ಎಂದರೆ ಅಲ್ಲಿ ಬೆಳಗಿನ ಜಾವ ಮೂರೂವರೆ.

ನಂದಿನಿಯವರು 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಜೆರ್ಸಿಗೆ ಪ್ರಾಯೋಜಕರಾದರು. ಐರ್ಲೆಂಡ್ ನ್ಯೂಯಾರ್ಕಿನಲ್ಲೇ ಭಾರತದ ವಿರುದ್ಧ ಆಡಿತು, ಇಲ್ಲಿನ ಕನ್ನಡಿಗರಿಗೆ ಹೆಮ್ಮೆ. ಆದರೆ ಮಾಡಿದ್ದು ಲೋಗೊ ಅಂಟಿಸಿದ್ದು ಅಷ್ಟೇ. ಮೈಸೂರು ಪಾಕ್ ಮಾಡುವ ಸಂಸ್ಥೆಗೆ ಗೆದ್ದ ನಾಯಕನ ಎದುರು ಬಾಗಿಲಗಲದ ಮೈಸೂರು ಪಾಕ್ ಇಟ್ಟು ಮುರಿದು ತಿನ್ನಿ ಎನ್ನುವುದು ಕಷ್ಟವಿರಲಿಲ್ಲ. ಮಹಾರಾಜ ಟ್ರೋಫಿಯ ಫೈನಲ್‌ನಲ್ಲಾದರೂ ಯಾರಾದರೂ ಪ್ರಯತ್ನಿಸಬಹುದು, ಆಟ ಮುಗಿದ ಮೇಲೆ ಎಂಬ ಒಂದೇ ಷರತ್ತಿನ ಮೇಲೆ.

ಇತ್ತ ಬೌಲ್‌ಗಳಿಗೆ ಹೊಸ ಕಂಟಕ ಶುರುವಾಗಿದೆ. 2025ರ ಡಿಸೆಂಬರಿನಲ್ಲಿ ಪ್ಲೇಆಫ್‌ನಿಂದ ಹೊರಬಿದ್ದ ನೋಟರ್ ಡೇಮ್ ‘ಯಾವ ಬೌಲೂ ಬೇಡ’ ಎಂದು ಮನೆಗೆ ಹೋಯಿತು. ತರಬೇತುದಾರರು ಬದಲಾದ ಕ್ಯಾನ್ಸಸ್ ಸ್ಟೇಟ್, ಅಯೋವ ಸ್ಟೇಟ್ ಕೂಡ ಒಲ್ಲೆವೆಂದವು. ಅವುಗಳ ಲೀಗ್ ತಲಾ 5 ಲಕ್ಷ ಡಾಲರ್ ದಂಡ ಹಾಕಿತು. ಪಾಪ್‌ಟಾರ್ಟ್‌ಗಳನ್ನು ಮೊದಲೆರಡು ವರ್ಷ ತಿಂದವರೇ ಆ ಎರಡು ತಂಡ! ದಂಡದ ಭಯಕ್ಕೆ ಆಡಿಸುವುದಕ್ಕಿಂತ ಆಟಗಾರರಿಗೆ ಪಾಲು ಕೊಡುವುದು ಅಗ್ಗ. ಬೌಲ್‌ನವರು ಆಟಗಾರನಿಗೆ ಕೊಡಬಹುದಾದ ಉಡುಗೊರೆಗೆ ಎನ್‌ಸಿಎಎ ಬಹುಕಾಲ ಇಟ್ಟುಕೊಂಡು ಬಂದ ಮಿತಿ 550 ಡಾಲರ್: ಒಂದು ಹೆಡ್‌ಫೋನ್, ಒಂದು ಬ್ಯಾಗು, ಒಂದು ಗಡಿಯಾರ. ಟೈಟಲ್ ಪ್ರಾಯೋಜಕನ ಹಣದಲ್ಲಿ ಒಂದು ಭಾಗವನ್ನು, ಕೊನೆಯ ಸೀಟಿಯ ತನಕ ಮೈದಾನದಲ್ಲಿ ಇದ್ದವರಿಗೆ ಎಂದು ಕರಾರಿನಲ್ಲೇ ಬರೆದು, ಆಟಗಾರರ ಹೆಸರಿಗೆ ನೇರ ಚೆಕ್ ಕೊಡಲಿ. ಆಗ ಎಷ್ಟು ಜನ ಬೌಲ್ ಬಿಟ್ಟು ಹೋಗುತ್ತಾರೆ ನೋಡೋಣ.